ಖಾಲಿ ಜಾಗದ ಸಾಕ್ಷಿ

ಆ ದಿನ ಬೆಳಿಗ್ಗೆ ಮೋಡಗಳೆಲ್ಲ ಬೆಟ್ಟದ ಕೆಳಗಿದ್ದವು. ಮೇಲೆ ಒಂದು ಎಳೆಯೂ ಇರಲಿಲ್ಲ. ಒಗೆದು, ಹಿಂಡಿ, ಹರವಿ ಹಾಕಿದಂಥ ಆಕಾಶ. ತುಟಿ ಬಿರಿಯುವಷ್ಟು ಒಣ ಚಳಿ. ಕೆಳಗಿನ ಊರುಗಳಲ್ಲಿ ಆ ಹೊತ್ತಿಗೆ ಮಳೆ ಹನಿಯುತ್ತಿದ್ದಿರಬೇಕು, ಜನ ಕೊಡೆ ಹುಡುಕುತ್ತಿದ್ದಿರಬೇಕು. ಇಲ್ಲಿ ಬಿಸಿಲಿತ್ತು, ಬಿಸಿ ಇರಲಿಲ್ಲ.

ವೀಕ್ಷಣಾಲಯದ ವಸತಿಯಲ್ಲಿ ಉದ್ದಕ್ಕೂ ಮುಚ್ಚಿದ ಬಾಗಿಲುಗಳು. ಒಂದೊಂದಕ್ಕೂ ಒಂದೇ ಫಲಕ: 'ಮಲಗಿದ್ದಾರೆ, ಸದ್ದು ಬೇಡ.' ಲೋಕ ಹಾಸಿಗೆ ಮಡಿಸುವಾಗ ಹಾಸಿಗೆ ಬಿಡಿಸುವ ಜನ ಇವರು. ಮೌನಿ ತಮ್ಮ ಬೂಟುಗಳನ್ನು ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ನಡೆದು, ಅಡುಗೆಕೋಣೆಯ ಬಾಗಿಲು ತಳ್ಳಿದರು.

ಮೌನಿ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ತನಿಖೆ ಮಾಡಿದ ಕಾಲಕ್ಕೆ ಅಂಟಿಕೊಂಡದ್ದು. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂತುಬಿಡುವುದು ಅವರ ರೀತಿ. ಎದುರಿನವನು ಆ ಸುಮ್ಮನಿರುವಿಕೆಯನ್ನು ತಾಳಲಾರದೆ ಮನೆಯ ಬೀಗದ ಕೈ ಇಟ್ಟ ಜಾಗವನ್ನೂ ಹೇಳಿಬಿಡುತ್ತಿದ್ದ. ನಿವೃತ್ತಿಯಾದ ಮೇಲೆ ಹೆಂಡತಿಯೂ ತೀರಿಕೊಂಡು, ಈಗ ಸುಮ್ಮನಿರುವುದಕ್ಕೆ ಕಾರಣವೇ ಬೇಕಿರಲಿಲ್ಲ.

ಒಳಗೆ, ಅವರನ್ನು ಈ ಬೆಟ್ಟಕ್ಕೆ ಕರೆತಂದ ಅಕ್ಕ ಕೂತಿದ್ದಳು. ಚಹಾ ಆರಿಹೋಗಿದ್ದರೂ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಮೌನಿ ಅವಳಿಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಎಲ್ಲರಂತೆ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹೆರಿಗೆ ವಾರ್ಡಿನ ನರ್ಸು. ಇಪ್ಪತ್ತೆರಡು ವರ್ಷದಲ್ಲಿ ಅವಳ ಅಂಗೈ ಮೇಲೆ ಎಷ್ಟು ಕೂಸುಗಳು ಮೊದಲ ಉಸಿರು ತೆಗೆದುಕೊಂಡವೋ ಲೆಕ್ಕವಿಟ್ಟವರಿಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕಿ ಬೆಳೆಸಿದವಳೂ ಅವಳೇ.

ಆ ತಂಗಿ ಇಲ್ಲಿ ವೀಕ್ಷಕಿಯಾಗಿದ್ದಳು. ಹದಿನಾಲ್ಕು ತಿಂಗಳ ಹಿಂದೆ, ಸೆಪ್ಟೆಂಬರಿನ ಕೊನೆಯಲ್ಲಿ, ಕಮರಿಯ ಅಂಚಿನಲ್ಲಿ ಅವಳ ಎರಡು ಬೂಟುಗಳು ಸಿಕ್ಕಿದ್ದವು. ಅವಳು ಸಿಗಲಿಲ್ಲ.

ಆಡಳಿತದವರು ಕಡತ ಮುಚ್ಚಲು ಒಂದು ವಾಕ್ಯ ಸಿದ್ಧಮಾಡಿ ಇಟ್ಟಿದ್ದರು: 'ಇಲ್ಲದ ದಾಖಲೆಯನ್ನು ಸೃಷ್ಟಿಸಿ, ಅದು ಬಯಲಾದಾಗ ಪ್ರಾಣ ಕಳೆದುಕೊಂಡರು.' ಆ ದಿನ ಸಂಜೆ ಐದಕ್ಕೆ ಅದಕ್ಕೆ ಸಹಿ ಬೀಳುವುದಿತ್ತು. ಸಹಿ ಬಿದ್ದರೆ ಆ ಹುಡುಗಿ ಕೊನೆವರೆಗೂ ಸುಳ್ಳುಗಾತಿ. ಅಕ್ಕ ಬೆಟ್ಟ ಹತ್ತಿ ಬಂದದ್ದು ಆ ಒಂದು ವಾಕ್ಯಕ್ಕಾಗಿ. ತಂಗಿ ಬದುಕಿ ಬರುತ್ತಾಳೆಂಬ ಆಸೆಯನ್ನು ಅವಳು ಎಂದೋ ಕಟ್ಟಿ ಅಟ್ಟದ ಮೇಲಿಟ್ಟಿದ್ದಳು.

ಮೌನಿ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರವಿದರು. ಜೂನ್ ತಿಂಗಳ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾದ ಚಿತ್ರ ಅದು. ಕೆಳಗಿದ್ದ ಹೆಸರು ವೀಕ್ಷಣಾಲಯದ ಹಿರಿಯ ಪ್ರೊಫೆಸರರದು. ಇಲ್ಲಿ ಎಲ್ಲರ ಬಾಯಲ್ಲೂ ಅವರು 'ದೊಡ್ಡವರು.' ತಾರೀಖು ಫೆಬ್ರವರಿ ಒಂಬತ್ತು. ತಂಗಿ ಹೋದ ಐದು ತಿಂಗಳ ಮೇಲಿನದು.

ರಾತ್ರಿಪಾಳಿ ಮುಗಿಸಿದ ಸಾರಥಿ ಆಗತಾನೇ ಒಳಗೆ ಬಂದು ರೊಟ್ಟಿ ಮುರಿದುಕೊಳ್ಳುತ್ತಿದ್ದ. ದೊಡ್ಡ ದೂರದರ್ಶಕವನ್ನು ನಡೆಸುವವನಾದ್ದರಿಂದ ಅವನಿಗೆ ಆ ಹೆಸರು. ರಥ ನಡೆಸುವುದು ತಾನು, ಬಾಣ ಬಿಡುವುದು ಅವರು, ಪತ್ರಿಕೆಯಲ್ಲಿ ಹೆಸರು ಬರುವುದು ಮಾತ್ರ ಬಾಣ ಬಿಟ್ಟವರದು ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವುದು ಅವನ ರೂಢಿ. ಆದರೆ ಇವರಿಬ್ಬರು ಬಂದಾಗಿನಿಂದ ಅವನ ಹಾಸ್ಯ ಅರ್ಧಕ್ಕೇ ನಿಲ್ಲುತ್ತಿತ್ತು.

ಹಾಳೆಯಲ್ಲಿ ಒಂದು ಗೆರೆ ಎಡದಿಂದ ಬಲಕ್ಕೆ ಓಡುತ್ತಿತ್ತು. ಅಲ್ಲಲ್ಲಿ ಗೋಪುರದಂತೆ ಏರು. ಆ ಏರುಗಳೇ ಬೆಚ್ಚನೆಯ ಅನಿಲದ ಗುರುತು ಎಂದು ಹಿಂದಿನ ದಿನವೇ ಸಾರಥಿ ಹೇಳಿಕೊಟ್ಟಿದ್ದ.

ಇಲ್ಲಿಯವರು 'ಕೂಸು' ಎಂದು ಕರೆಯುವ ಒಂದು ನಕ್ಷತ್ರವಿದೆ. ವಯಸ್ಸು ಹತ್ತು ಲಕ್ಷ ವರ್ಷ. ಅದನ್ನು ಕೇಳಿ ಅಕ್ಕ, ನಮ್ಮ ವಾರ್ಡಿನಲ್ಲಿ ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ ಎಂದಿದ್ದಳು. ಬೆಟ್ಟಕ್ಕೆ ಬಂದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ. ಕೂಸಿನ ಸುತ್ತ ಧೂಳು ಮತ್ತು ಅನಿಲದ ಒಂದು ಅಗಲವಾದ ತಟ್ಟೆ ತಿರುಗುತ್ತದೆ. ಆ ತಟ್ಟೆಯಲ್ಲೇ ಗ್ರಹಗಳು ಮೈತಳೆಯುವುದು. ಕೂಸಿಗೆ ಹತ್ತಿರದ ಭಾಗ ಮಾತ್ರ ಟೊಳ್ಳು, ಅಲ್ಲಿ ಎಲ್ಲ ಗುಡಿಸಿಹೋಗಿದೆ ಎಂದು ದೊಡ್ಡವರು ಹತ್ತು ವರ್ಷದಿಂದ ಬರೆಯುತ್ತಿದ್ದರು. ಆ ಟೊಳ್ಳಿನಲ್ಲಿ ಬೆಚ್ಚನೆಯ ಅನಿಲ ಇನ್ನೂ ಇದೆ, ಹುಟ್ಟುತ್ತಿರುವ ಗ್ರಹಕ್ಕೆ ಅಲ್ಲಿ ಇನ್ನೂ ಊಟವಿದೆ ಎಂದು ಮೊದಲು ಹೇಳಿದವಳು ತಂಗಿ.

ಅವಳ ಕಡತ ಹುಡುಕಿದಾಗ ಸಿಗಲಿಲ್ಲ. ಸುಳ್ಳು ಎಂದರು. ಜೂನ್‌ನಲ್ಲಿ ಅದೇ ಮಾತನ್ನು ದೊಡ್ಡವರು ತಾವು ಕಂಡದ್ದೆಂದು ಅಚ್ಚು ಹಾಕಿಸಿದರು. ಅವರದು ಬೇರೆ, ಫೆಬ್ರವರಿಯದು ಎಂದು ಎಲ್ಲರೂ ಒಪ್ಪಿದರು.

ಮೌನಿ ಏರುಗಳನ್ನು ನೋಡುತ್ತಿರಲಿಲ್ಲ. ಅವರ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ಕಳ್ಳ ತನ್ನ ಹೆಜ್ಜೆ ಕಾಣಬಾರದೆಂದು ದಾರಿಯುದ್ದಕ್ಕೂ ಸೊಪ್ಪಿನ ಕೊಂಬೆಯಿಂದ ಗುಡಿಸುತ್ತ ಹೋದನಂತೆ. ಬೆಳಗಾದ ಮೇಲೆ ಊರವರು ಹೆಜ್ಜೆ ಹುಡುಕಲಿಲ್ಲ. ಗುಡಿಸಿದ ದಾರಿ ಹಿಡಿದು ನೇರ ಅವನ ಹೊಸ್ತಿಲಿಗೇ ಬಂದರಂತೆ. ಇಲಾಖೆಯಲ್ಲಿ ಇದ್ದಷ್ಟು ಕಾಲ ಮೌನಿ ಕಾಗದಗಳಲ್ಲಿ ಅಳಿಸಿದ ಸಾಲುಗಳನ್ನೇ ಮೊದಲು ನೋಡುತ್ತಿದ್ದರು.

ಈ ಚಿತ್ರದಲ್ಲೂ ಪ್ರತಿ ಏರಿನ ಬಲಮಗ್ಗುಲಲ್ಲಿ ಗೆರೆ ಕಡಿದುಹೋಗಿ ಒಂದು ಬೆರಳಿನಷ್ಟು ಖಾಲಿ ಇತ್ತು. ಒಂದು ಕಡೆಯಲ್ಲ, ಎಲ್ಲ ಕಡೆ. ಎಲ್ಲ ಕಡೆಯೂ ಬಲಕ್ಕೆ.

ಅದೇನೆಂದು ಕೇಳಿದರು. ಸಾರಥಿ ರೊಟ್ಟಿ ಅಗಿಯುತ್ತಲೇ, ಅದು ಏನೂ ಅಲ್ಲ, ನಮ್ಮ ಗಾಳಿ ಎಂದ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಜನರನ್ನು ಕೊಲ್ಲುವ ಅನಿಲ ಇದೆಯಲ್ಲ, ಕಾರ್ಬನ್ ಮೊನಾಕ್ಸೈಡ್, ಕೂಸಿನ ಹತ್ತಿರ ಇವರು ಹುಡುಕುವುದೂ ಅದನ್ನೇ. ಅದು ಬಿಸಿಯಾಗಿ ಮಿನುಗುತ್ತದೆ. ನಮ್ಮ ಗಾಳಿಯಲ್ಲೂ ಅದು ಒಂದು ಚಿಟಿಕೆ ಇದೆ. ಅಲ್ಲಿಂದ ಬಂದ ಬೆಳಕನ್ನು ಸರಿಯಾಗಿ ಅದೇ ಬಣ್ಣದಲ್ಲಿ ಇಲ್ಲಿ ನುಂಗಿಹಾಕುತ್ತದೆ. ನುಂಗಿದ ಜಾಗದಲ್ಲಿ ತೂತು ಬೀಳುತ್ತದೆ. ಅಲ್ಲಿ ಏನೂ ತಿಳಿಯದ್ದರಿಂದ ಕತ್ತರಿಸಿ ಬಿಸಾಡುತ್ತಾರೆ.

ಹಾಗಾದರೆ ಕೂಸಿನ ಏರು ಆ ತೂತಿನೊಳಗೇ ಬಿದ್ದು ಮುಚ್ಚಿಹೋಗಬೇಕಿತ್ತಲ್ಲ, ಪಕ್ಕಕ್ಕೆ ಹೇಗೆ ಬಂತು, ಎಂದರು ಮೌನಿ.

ಭೂಮಿ ಓಡುತ್ತದಲ್ಲ ಸಾರ್, ಅದಕ್ಕೆ, ಎಂದ ಸಾರಥಿ. ಸೂರ್ಯನ ಸುತ್ತ ಹೋಗುವಾಗ ನಾವು ವರ್ಷದಲ್ಲಿ ಅರ್ಧ ಕಾಲ ಕೂಸಿನ ಕಡೆಗೆ ಓಡುತ್ತೇವೆ, ಅರ್ಧ ಕಾಲ ಅದರಿಂದ ದೂರ ಓಡುತ್ತೇವೆ. ಹತ್ತಿರ ಹೋಗುವಾಗ ಏರು ಒಂದು ಪಕ್ಕಕ್ಕೆ ಸರಿದು ತೂತಿನಿಂದ ಆಚೆ ಬರುತ್ತದೆ, ದೂರ ಹೋಗುವಾಗ ಇನ್ನೊಂದು ಪಕ್ಕಕ್ಕೆ. ಅದಕ್ಕೇ ಇವರು ಋತು ನೋಡಿ ಕೂಸನ್ನು ನೋಡುವುದು.

ಅಕ್ಕ ತಲೆ ಎತ್ತಿದಳು. ಆಂಬುಲೆನ್ಸ್ ಬರುವಾಗ ಒಂದು ದನಿ, ಹೋಗುವಾಗ ಒಂದು ದನಿ ಇರುತ್ತದೆ. ವಾರ್ಡಿನಲ್ಲಿ ಕಿಟಕಿಗೆ ಬರದೆಯೇ ಬರುತ್ತಿರುವುದೋ ಹೋಗುತ್ತಿರುವುದೋ ಹೇಳಿಬಿಡುತ್ತೇವೆ, ಅದೇ ತಾನೆ ಎಂದಳು.

ಅದೇ, ಎಂದ ಸಾರಥಿ. ನಾಲ್ಕು ವರ್ಷ ಓದಿದವರಿಗೆ ಹೇಳಿದರೂ ಇಷ್ಟು ಬೇಗ ತಿಳಿಯುವುದಿಲ್ಲ.

ಮೌನಿ ಹಾಳೆಯನ್ನು ಅವನ ಕಡೆ ತಿರುಗಿಸಿದರು.

"ಫೆಬ್ರವರಿಯಲ್ಲಿ ತೂತು ಯಾವ ಕಡೆ ಇರತ್ತೆ?"

"ಎಡಕ್ಕೆ," ಎಂದ ಸಾರಥಿ. ಕೈ ತಟ್ಟೆಯ ಕಡೆ ಹೋಗುತ್ತಿದ್ದದ್ದು ನಡುವೆಯೇ ನಿಂತಿತು.

ಸಾರಥಿ ಹಾಳೆಯನ್ನು ಹತ್ತಿರ ಎಳೆದುಕೊಂಡ. ಒಂದು ಏರು ನೋಡಿದ, ಇನ್ನೊಂದು ನೋಡಿದ, ಕೊನೆಯವರೆಗೂ ಬೆರಳಿಟ್ಟು ಹೋದ. ಎದ್ದು ಲೋಟ ತೊಳೆದ. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದ.

"ಇದು ಸೆಪ್ಟೆಂಬರಿಂದು ಸಾರ್," ಎಂದ, ನಲ್ಲಿಯ ಕಡೆ ಮುಖ ಮಾಡಿಕೊಂಡೇ. "ತಾರೀಖು ತಿದ್ದಬಹುದು. ಭೂಮಿ ಹೋಗೋ ದಿಕ್ಕು ತಿದ್ದೋಕಾಗಲ್ಲ."

ನೀರು ಹರಿಯುತ್ತಲೇ ಇತ್ತು. ಮೌನಿ ಹೋಗಿ ನಲ್ಲಿ ನಿಲ್ಲಿಸಿದರು. ನಿಂತಲ್ಲೇ ನಿಂತರು. ಆ ಮೌನದಲ್ಲಿ ಸಾರಥಿ ಒಂದೊಂದೇ ಮಾತು ಹೊರಗೆ ಹಾಕಿದ.

ಈ ಬೆಟ್ಟದಲ್ಲಿ ಬರೆಯದ ಒಂದು ಪದ್ಧತಿ ಇದೆ. ಇಡೀ ರಾತ್ರಿ ಒಬ್ಬೊಬ್ಬರಿಗೆ ಹಂಚಿರುತ್ತಾರೆ. ಆದರೆ ಒಬ್ಬರು ಬೇಸತ್ತು ಮಲಗಲು ಹೋದರೆ, ಉಳಿದ ಗಂಟೆಯನ್ನು ಕಾಯುತ್ತ ಕೂತ ಇನ್ನೊಬ್ಬರಿಗೆ ಸಾರಥಿ ಬಿಟ್ಟುಕೊಡುತ್ತಾನೆ. ಕಚೇರಿಗೆ ಹೇಳುವಂತಿಲ್ಲ; ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಆ ಸೆಪ್ಟೆಂಬರಿನ ರಾತ್ರಿ ದೊಡ್ಡವರದು. ಮೋಡ ಕವಿದದ್ದರಿಂದ ಎರಡು ಗಂಟೆಗೇ ಅವರು ಹೋಗಿ ಮಲಗಿದರು. ನಸುಕಿಗೆ ಮುಂಚೆ ನಲವತ್ತು ನಿಮಿಷ ಆಕಾಶ ಬಿಟ್ಟಿತು. ಕೂಸು ನೆತ್ತಿಯ ಮೇಲಿತ್ತು. ಹಿಂದಿನ ಬೆಂಚಿನಲ್ಲಿ ತಂಗಿ ಸ್ವೆಟರಿನೊಳಗೆ ಕೈ ತೂರಿಸಿಕೊಂಡು ಎಚ್ಚರ ಕೂತಿದ್ದಳು. ಬಾಮ್ಮ, ನೋಡಿಕೋ ಎಂದು ಬಿಟ್ಟುಕೊಟ್ಟ. ಯಾರು ನೋಡಿದ್ದು ಎಂಬುದನ್ನು ಯಂತ್ರ ಗುರುತಿಸುವುದು ಅವರವರ ಸಂಖ್ಯೆಯಿಂದ; ಆತುರದಲ್ಲಿ ಪರದೆಯ ಮೇಲೆ ದೊಡ್ಡವರ ಸಂಖ್ಯೆ ಬದಲಿಸುವುದನ್ನು ಮರೆತ.

ಹಾಗಾಗಿ ಅವಳ ಬೆಳಕು ದೊಡ್ಡವರ ಸಂಖ್ಯೆಯಡಿ ಹೋಗಿ ಕೂತಿತು. ಅವಳ ಸಂಖ್ಯೆಯಡಿ ಹುಡುಕಿದವರಿಗೆ ಏನೂ ಸಿಗಲಿಲ್ಲ.

"ನಿಮ್ಮನ್ನ ಯಾರೂ ಕೇಳಲಿಲ್ವಾ?" ಎಂದರು ಮೌನಿ.

"ಕೇಳಿದ್ರು. ವಿಚಾರಣೆ ಸಭೇಲಿ, ಅವಳ ಸಂಖ್ಯೆಯಲ್ಲಿ ಕಡತ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ." ಸಾರಥಿ ಟವೆಲಿನಲ್ಲಿ ಕೈ ಒರೆಸಿಕೊಂಡ. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ ಸಾರ್. ಕೆಲಸ ಹೋಗತ್ತೆ ಅಂತ ಹೆದರಿಕೆ. ಅವಳು ಮೇಜಿನ ಆ ತುದಿಯಿಂದ ನನ್ನ ಮುಖಾನೇ ನೋಡ್ತಾ ಇದ್ದಳು. ನನ್ನ ಹೆಸರು ಮಾತ್ರ ಎತ್ತಲಿಲ್ಲ."

ಅಕ್ಕ ಅವನನ್ನು ಬಯ್ಯಲಿಲ್ಲ. ಅವನು ಬಯ್ಯಲೆಂದು ಕಾಯುತ್ತಿದ್ದ ಹಾಗಿತ್ತು. ಇದನ್ನು ಬರೆದುಕೊಡಬೇಕು ಎಂದಷ್ಟೇ ಹೇಳಿದಳು. ಅವನು ಹೂಂ ಎಂದು ತನ್ನ ಕೋಣೆಗೆ ಹೋದ. ಬಾಗಿಲಿಗೆ ಫಲಕ ಹಾಕಲಿಲ್ಲ.

ದೊಡ್ಡವರು ಏಳುವುದು ಎರಡು ಗಂಟೆಗೆ. ಅದಕ್ಕೆ ಮುಂಚೆ ಅವರ ಬಾಗಿಲು ತಟ್ಟುವವರು ಇಡೀ ಬೆಟ್ಟದಲ್ಲಿ ಇರಲಿಲ್ಲ. ಮೌನಿಯೂ ತಟ್ಟಲಿಲ್ಲ. ಮಲಗಿದವನನ್ನು ಎಬ್ಬಿಸಿ ಕೇಳಿದ ಮಾತು ಅರ್ಧ ಕನಸಿನ ಮಾತಾಗುತ್ತದೆ ಎಂಬುದು ಅವರ ಅನುಭವ. ಬಾಗಿಲ ಎದುರಿನ ಬೆಂಚಿನ ಮೇಲೆ ಇಬ್ಬರೂ ಕೂತರು. ನಾಲ್ಕು ಗಂಟೆ ಕಾಲ ಕೂತರು.

ಹಗಲಿನಲ್ಲಿ ಮಲಗಿರುವ ಮನೆಯಷ್ಟು ಒಂಟಿಯಾದದ್ದು ಬೇರೊಂದಿಲ್ಲ. ಬಿಸಿಲು ನೆಲದ ಮೇಲೆ ನಿಧಾನವಾಗಿ ತೆವಳಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಂತು. ಎಲ್ಲೋ ನೀರಿನ ಕೊಳವೆ ಒಮ್ಮೆ ಗುಡುಗಿ ಸುಮ್ಮನಾಯಿತು. ದೇವರು ಈ ಲೋಕವನ್ನು ಮಾಡುವ ಮುಂಚೆ ಹೀಗೇ ಕಾದಿದ್ದನೋ ಏನೋ, ಮಾತಾಡಲು ಒಬ್ಬರೂ ಇಲ್ಲದೆ.

ಆ ಕೂತಲ್ಲೇ ಅಕ್ಕ ಇದುವರೆಗೆ ಹೇಳದ ಒಂದು ಸಂಗತಿ ಹೇಳಿದಳು. ಆ ಸೆಪ್ಟೆಂಬರಿನ ಬೆಳಿಗ್ಗೆ ತಂಗಿ ಫೋನು ಮಾಡಿದ್ದಳಂತೆ. ಉಸಿರು ಕಟ್ಟಿದವಳ ಹಾಗೆ, ಅಕ್ಕಾ, ತೊಟ್ಟಿಲು ಖಾಲಿ ಇಲ್ಲ ಕಣೇ ಎಂದಳಂತೆ. ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಒಂದು ಹೆರಿಗೆ ನಡುವೆ ಇತ್ತು. ಆಮೇಲೆ ಮಾಡ್ತೀನಿ ಇಡು ಎಂದುಬಿಟ್ಟಳು.

"ಅವಳ ಖುಷೀನ ಪೂರ್ತಿ ಕೇಳೋಕೆ ಈ ಲೋಕದಲ್ಲಿ ನಾನೊಬ್ಬಳೇ ಇದ್ದದ್ದು," ಎಂದಳು ಅಕ್ಕ. "ನಾನೂ ಇಡು ಅಂದೆ."

ಕೆಲವು ಮೌನ ಕೇಳುವುದಕ್ಕೆ, ಕೆಲವು ಮೌನ ಜೊತೆಗಿರುವುದಕ್ಕೆ.

ಎರಡು ಗಂಟೆಗೆ ಒಳಗೆ ಗಡಿಯಾರ ಕಿರುಚಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ದೊಡ್ಡವರು ಎತ್ತರದ, ಸಣಕಲು ಮನುಷ್ಯ; ಬಿಳಿಗಡ್ಡ, ಮಡಿಕೆ ಬಿದ್ದ ಶಾಲು. ಅಕ್ಕನನ್ನು ಕಂಡು ಅವರ ಮುಖದಲ್ಲಿ ಏನೋ ಬಂದು ಹೋಯಿತು. ಮೌನಿ ಅದನ್ನು ಗಮನಿಸಿದರು. ಆಶ್ಚರ್ಯವಾಗಿರಲಿಲ್ಲ ಅದು. ಗಡುವು ಮುಗಿದವನ ಮುಖ.

ಒಳಗೆ ಕರೆದರು. ಕಿಟಕಿಗೆ ಕಪ್ಪು ಪರದೆ, ಸಂದಿಯಲ್ಲಿ ಬೆಳಕು ಬರದಂತೆ ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪುಗಳು. ಒಂದು ಮಂಚ, ಒಂದು ಮೇಜು, ಒಂದು ಲೋಟ. ಕುರ್ಚಿಯೂ ಒಂದೇ, ಅದನ್ನು ಅಕ್ಕನಿಗೆ ಕೊಟ್ಟು ತಾವು ಮಂಚದ ಅಂಚಿನಲ್ಲಿ ಕೂತರು. ಇಪ್ಪತ್ತು ವರ್ಷದಿಂದ ಆ ಕೋಣೆಗೆ ಎರಡನೆಯ ಕುರ್ಚಿ ಬೇಕಾಗಿರಲಿಲ್ಲವೆಂದು ಕಾಣುತ್ತದೆ.

ಮೌನಿ ಹಾಳೆಯನ್ನು ದೀಪದ ಕೆಳಗೆ ಇಟ್ಟರು.

"ಸ್ವಾಮಿ, ಇದು ಫೆಬ್ರವರಿಯದೇನಾ?"

ದೊಡ್ಡವರು ಮಾತು ಶುರುಮಾಡಿದರು. ಫೆಬ್ರವರಿಯ ಆಕಾಶ ಎಷ್ಟು ಒಣಗಿರುತ್ತದೆ, ಯಂತ್ರವನ್ನು ಹೇಗೆ ತಣ್ಣಗಿಡಬೇಕು, ಕೂಸು ಅಲ್ಲದ ಇನ್ನೊಂದು ಬಿಸಿ ನಕ್ಷತ್ರವನ್ನು ಪಕ್ಕದಲ್ಲೇ ನೋಡಿ ಗಾಳಿಯ ಕಲೆಯನ್ನು ಹೇಗೆ ಒರೆಸಬೇಕು, ಎಲ್ಲ ಹೇಳಿದರು. ಕೇಳಿದ್ದು ಒಂದು ಪ್ರಶ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೇ. ಮೌನಿ ಕಾದರು. ಮಾತು ತಾನಾಗಿ ತೆಳ್ಳಗಾಗಿ, ಹನಿಯಾಗಿ, ನಿಂತಿತು.

ಆಗ ಮೌನಿ ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ಇದು ಎಡಕ್ಕಿರಬೇಕಿತ್ತಂತಲ್ಲ."

ದೊಡ್ಡವರು ಕನ್ನಡಕ ಹುಡುಕಿ ಹಾಕಿಕೊಂಡರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಮುಖ ಎತ್ತಿದಾಗ ಅದರಲ್ಲಿ ಸಿಟ್ಟಿರಲಿಲ್ಲ. ತನ್ನ ಮನೆಯಲ್ಲೇ ಒಂದು ಬಾಗಿಲನ್ನು ಮೊದಲ ಸಲ ಕಂಡವನ ಹಾಗಿತ್ತು.

"ಮೂವತ್ತೈದು ವರ್ಷ ಈ ಖಾಲಿಗಳನ್ನ ದಾಟಿಕೊಂಡೇ ಹೋಗಿದ್ದೀನಿ," ಎಂದರು. "ಅದು ನಮ್ಮ ಗಾಳಿ, ಅದನ್ನ ನೋಡಬೇಡಿ ಅಂತ ಹುಡುಗರಿಗೆ ಪಾಠ ಹೇಳಿದವನು ನಾನೇ."

ಅಚ್ಚಿಗೆ ಮುಂಚೆ ಪರೀಕ್ಷಿಸಿದ ಮೂವರೂ ಏರುಗಳನ್ನಷ್ಟೇ ನೋಡಿದ್ದರಂತೆ. ಈ ಕಸುಬಿನವರಲ್ಲಿ ಯಾರೂ ನೋಡದ ಒಂದೇ ಜಾಗ ಅದು.

ಆಮೇಲೆ ಅವರು ಮುಚ್ಚಿಡಲಿಲ್ಲ. ಬೂಟು ಸಿಕ್ಕ ಮೂರು ವಾರದ ಮೇಲೆ, ಅಕ್ಟೋಬರಿನಲ್ಲಿ, ತಮ್ಮ ಸಂಖ್ಯೆಯಡಿ ತಾವು ನೋಡದ ಒಂದು ನಸುಕು ಇರುವುದು ಅವರ ಕಣ್ಣಿಗೆ ಬಿತ್ತು. ತೆರೆದು ನೋಡಿದರೆ ಕೂಸು. ಟೊಳ್ಳಿನ ನಡುವೆ ಬೆಚ್ಚನೆಯ ಅನಿಲ. ಅವಳು ಹೇಳಿದ್ದು ಹೇಳಿದ ಹಾಗೇ ಇತ್ತು. ತುಂಬಿದ ಸಭೆಯಲ್ಲಿ, ನಮ್ಮ ಗಾಳಿಯ ಕಲೆಯನ್ನು ಕೂಸಿನ ಉಸಿರು ಅಂದುಕೊಂಡಿದ್ದಾಳೆ, ಇಲ್ಲಾ ಕೂತು ತಾನೇ ಕಟ್ಟಿ ಬರೆದುಕೊಂಡಿದ್ದಾಳೆ ಎಂದು ನಗಿಸಿದ ಮಾತು ಅವರದೇ. ಒಂದು ವಾರ ನಿದ್ದೆ ಬರಲಿಲ್ಲ. ಎರಡನೆಯ ವಾರ ಬಂತು. ಹೀಗೆ ಮನುಷ್ಯ ತನ್ನ ಪಾಪದ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಲು ಕಲಿಯುತ್ತಾನೆ.

"ಹೇಳಿ ಏನು ಬಂತು ಅನ್ನಿಸ್ತು," ಎಂದರು ದೊಡ್ಡವರು. "ಅವಳಂತೂ ಹೋದಳು. ಸತ್ತವರಿಗೆ ಹೆಸರು ಯಾತಕ್ಕೆ?"

ಅಕ್ಕ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗಲೂ ದನಿ ಏರಿಸಲಿಲ್ಲ.

"ಹುಟ್ಟಿ ಒಂದು ಗಳಿಗೆ ಉಸಿರಾಡಿ ಹೋಗೋ ಕೂಸು ಇರತ್ತೆ ಸಾರ್," ಎಂದಳು. "ಅದಕ್ಕೂ ನಾವು ಕಾಲಿಗೊಂದು ಪಟ್ಟಿ ಕಟ್ಟಿ ತಾಯಿ ಹೆಸರು ಬರೀತೀವಿ. ಇನ್ನೊಬ್ಬರ ಹೆಸರು ಬರೆದ ದಿನ ನಾನು ಆ ಕೆಲಸ ಬಿಡಬೇಕು."

ದೊಡ್ಡವರು ತಲೆ ತಗ್ಗಿಸಿದರು. ಹೊರಗೆ ಯಾರೋ ಕೆಮ್ಮುತ್ತ ಹೋದರು, ಬೆಟ್ಟ ಏಳುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಕಾಗದ ತೆಗೆದುಕೊಂಡು ಬರೆಯತೊಡಗಿದರು. ಜೂನ್ ತಿಂಗಳ ಲೇಖನ ಹಿಂತೆಗೆಯುತ್ತಿದ್ದೇನೆ, ಆ ವೀಕ್ಷಣೆ ಸೆಪ್ಟೆಂಬರಿನದು, ಮಾಡಿದವಳು ಆ ಹುಡುಗಿ, ತಾರೀಖು ತಿದ್ದಿದವನು ನಾನು. ನಾಲ್ಕೇ ಸಾಲು. ಸಹಿ ಹಾಕಿ, ಆರಲೆಂದು ಊದಿ, ಮೌನಿಯ ಕೈಗೆ ಕೊಟ್ಟರು. ಗಂಟೆ ಮೂರು ದಾಟಿತ್ತು. ಐದರ ಸಹಿ ಇನ್ನು ಬೀಳುವುದಿಲ್ಲ. ಅಕ್ಕ ಬಂದ ಕೆಲಸ ಆಗಿತ್ತು.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಪೆನ್ನಿನ ಮುಚ್ಚಳ ಹಾಕುತ್ತ ದೊಡ್ಡವರು ಅಕ್ಕನ ಕಡೆ ತಿರುಗಿದರು.

"ಒಂದು ಮಾತು ತಾಯಿ. ಅದನ್ನ ಕಳಿಸೋ ಬದಲು ನೀವೇ ಬಂದು ಕೇಳಿದ್ರೆ ಅವತ್ತೇ ಬರೆದುಕೊಡ್ತಿದ್ದೆ. ನಾಲ್ಕು ತಿಂಗಳು ಯಾರ ಹೆಜ್ಜೆ ಸದ್ದಾದ್ರೂ ನೀವೇ ಅಂತ ಬೆಚ್ಚಿದ್ದೀನಿ."

ಅಕ್ಕ ಅವರನ್ನೇ ನೋಡಿದಳು.

"ನಾನು ಏನು ಕಳಿಸಿದೆ?"

ದೊಡ್ಡವರು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಅವಳು ಆಟವಾಡುತ್ತಿಲ್ಲ ಎಂಬುದು ನಿಧಾನಕ್ಕೆ ಅವರಿಗೆ ಹತ್ತಿತು. ಮೇಜಿನ ಕೆಳಖಾನೆಯ ಬೀಗ ತೆಗೆದು ಒಂದು ಹಾಳೆ ಹೊರಗೆ ತಂದು, ತಮ್ಮ ಚಿತ್ರದ ಪಕ್ಕಕ್ಕೆ ಜೋಡಿಸಿದರು.

ಅದೇ ಕೂಸು. ಅವೇ ಏರುಗಳು. ಆದರೆ ಇಲ್ಲಿ ಪ್ರತಿ ಏರಿನ ಎಡಮಗ್ಗುಲಲ್ಲಿ ಖಾಲಿ. ಒಂದಕ್ಷರವೂ ಬರೆದಿರಲಿಲ್ಲ.

ಲೇಖನ ಅಚ್ಚಾದ ಮುಂದಿನ ತಿಂಗಳು, ಜುಲೈನಲ್ಲಿ, ಅಂಚೆಯಲ್ಲಿ ಬಂದದ್ದು ಎಂದರು. ಮೊದಲು ಏನೆಂದು ತಿಳಿಯಲಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೂ ಖಾಲಿಯ ಕಡೆ ಕಣ್ಣು ಹೋಗಲಿಲ್ಲ. ಈಗಷ್ಟೇ, ಮೌನಿ ಬೆರಳಿಟ್ಟಾಗಷ್ಟೇ ಅದರ ಮಾತು ಕೇಳಿಸಿತು. ಆದರೂ ಯಾರಿಗೋ ಗೊತ್ತಾಗಿದೆ ಎಂಬ ಭಯ ಅಂದೇ ಕೂತಿತ್ತು. ನಿಜವಾದ ಫೆಬ್ರವರಿ ಹೀಗಿರುತ್ತದೆ ನೋಡು ಎಂದು ಯಾರೋ ಮೆಲ್ಲನೆ ಹೇಳಿದ ಹಾಗಿದೆ ಇದು.

"ಇಲ್ಲಿ ತೆಗೆದದ್ದಾ?" ಎಂದರು ಮೌನಿ.

"ಇಲ್ಲ. ಈ ಗೆರೆ ನಮ್ಮದಕ್ಕಿಂತ ನುಣುಪು. ಇದು ಬೇರೆ ಎಲ್ಲೋ, ಇನ್ನೂ ದೊಡ್ಡ ಕಣ್ಣು." ದೊಡ್ಡವರು ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು. "ಇವರು ಯಾರನ್ನೋ ಹಿಡಿದು ತೆಗೆಸಿ ಕಳಿಸಿದ್ದಾರೆ ಅಂದ್ಕೊಂಡೆ. ಕಳಿಸಿದವರ ಜಾಗದಲ್ಲಿ ಇವರ ಹೆಸರೇ ಇತ್ತಲ್ಲ."

ಖಾನೆಯೊಳಗಿಂದ ಅವರು ಒಂದು ಕಂದು ಬಣ್ಣದ ಲಕೋಟೆ ತೆಗೆದರು. ಮೌನಿ ಅದನ್ನು ದೀಪಕ್ಕೆ ಹಿಡಿದರು. ಅಂಚೆ ಮುದ್ರೆಯಲ್ಲಿ ಊರು ಮಸಿಯಾಗಿ ಹರಡಿಹೋಗಿತ್ತು. ತಾರೀಖು ಉಳಿದಿತ್ತು, ಈ ವರ್ಷದ ಜುಲೈ. ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ, 'ತಲುಪದಿದ್ದಲ್ಲಿ ಹಿಂದಿರುಗಿಸಿ' ಎಂದು ಬರೆದು, ಅದರ ಕೆಳಗೆ ಅಕ್ಕನ ಹೆಸರು, ವಿಳಾಸ.

ಮೌನಿ ಲಕೋಟೆಯನ್ನು ಮೇಜಿನ ಮೇಲಿಟ್ಟು ಅಕ್ಕನ ಕಡೆ ಸರಿಸಿದರು. ಈ ಸಲ ಅವರು ಪ್ರಶ್ನೆಯನ್ನೂ ಕೇಳಲಿಲ್ಲ.

ಅಕ್ಕ ಬಗ್ಗಿ ಓದಿದಳು. ಮುಟ್ಟಲಿಲ್ಲ.

"ಇದು ನನ್ನ ಕೈಬರಹ ಅಲ್ಲ," ಎಂದಳು. "ನಾನು ತಿದ್ದಿಸಿದ ಕೈಬರಹ. ಅಂಗಳದಲ್ಲಿ ಕೂರಿಸ್ಕೊಂಡು, ಬೆರಳು ಹಿಡಿದು."

ಮೌನಿ ನಿಧಾನಕ್ಕೆ, ಅವಳು ಹೋಗುವ ಮುಂಚೆಯೇ ಲಕೋಟೆ ಬರೆದಿಟ್ಟು ಯಾರ ಕೈಗೋ ಕೊಟ್ಟಿರಬಹುದು, ಆಮೇಲೆ ಅವರು ಅಂಚೆಗೆ ಹಾಕಿರಬಹುದು ಎಂದರು. ಆಸೆಯನ್ನು ತಾವಾಗಿ ಅವಳ ಕೈಗೆ ಕೊಡಲು ಅವರಿಗೆ ಧೈರ್ಯ ಬರಲಿಲ್ಲ. ಕೊಟ್ಟು ಕಿತ್ತುಕೊಳ್ಳುವುದಕ್ಕಿಂತ ಕೊಡದಿರುವುದು ಮೇಲು.

ಅಕ್ಕ ತಲೆಯಾಡಿಸಿದಳು. ವಿಳಾಸದ ಕೊನೆಯ ಸಾಲಿನ ಮೇಲೆ, ಕಾಗದಕ್ಕೆ ತಾಗದಂತೆ, ಬೆರಳು ತೋರಿಸಿದಳು.

"ಆಸ್ಪತ್ರೆ ಹಿಂದಿನ ವಸತಿ, ಮೂರನೇ ಮಹಡಿ. ಆ ಮನೆಗೆ ನಾನು ಬಂದದ್ದು ಈ ಏಪ್ರಿಲ್‌ನಲ್ಲಿ. ಅವಳಿದ್ದಾಗ ನಾವಿದ್ದದ್ದು ಹಳೇ ಮನೇಲಿ." ಅವಳ ದನಿ ಒಂದೇ ಮಟ್ಟದಲ್ಲಿತ್ತು, ಬೇರೆ ಯಾರದೋ ಸಂಗತಿ ಹೇಳುವವಳ ಹಾಗೆ. "ಹೊಸ ಮನೆ ಹುಡುಕಿಕೊಂಡು ಬಂದಿದ್ದಾಳೆ. ಬಾಗಿಲ ಮೇಲಿನ ಸಂಖ್ಯೆವರೆಗೂ ಬಂದಿದ್ದಾಳೆ. ಬಾಗಿಲು ತಟ್ಟಿಲ್ಲ."

ಆಡಳಿತದವರ ಆ ವಾಕ್ಯದಲ್ಲಿ ಎರಡು ಭಾಗವಿತ್ತು. ಮೊದಲ ಅರ್ಧ ಸುಳ್ಳೆಂದು ತೋರಿಸಲು ಅವರು ಬೆಟ್ಟ ಹತ್ತಿದ್ದರು. 'ಪ್ರಾಣ ಕಳೆದುಕೊಂಡರು' ಎಂಬ ಎರಡನೆಯ ಅರ್ಧದ ಮೇಲೆ ಬೆರಳಿಡುವ ಯೋಚನೆ ಯಾರಿಗೂ ಬಂದಿರಲಿಲ್ಲ, ಮೌನಿಗೂ.

ದೊಡ್ಡವರು ಮಂಚದಿಂದ ಎದ್ದರು. ಲಕೋಟೆಯ ಬಾಯಲ್ಲಿ ತಾವೇ ಜುಲೈನಲ್ಲಿ ಹರಿದಿದ್ದ ಕಡೆಯನ್ನು ಹೆಬ್ಬೆರಳಿನಿಂದ ನೇರಮಾಡಿದರು. ಎಡಕ್ಕೆ ಖಾಲಿಯಿದ್ದ ಹಾಳೆಯನ್ನು ಅದರ ಹಳೆಯ ಮಡಿಕೆಯಲ್ಲೇ ಮಡಿಸಿ ಒಳಗೆ ಸೇರಿಸಿದರು. ಎರಡೂ ಕೈಯಿಂದ ಅದನ್ನು ಅಕ್ಕನ ಮಡಿಲಲ್ಲಿ ಇಟ್ಟರು.